ಹದಿನೈದು ವರ್ಷದ ಸೆಡಾನ್‌ಗೆ ಹದಿನೈದೇ ಇಂಚಿನ ಚಕ್ರ

2008ರ ಸೆಪ್ಟೆಂಬರಿನಲ್ಲಿ ಹೋಂಡಾ ಸಿಟಿಯ ಹೊಸ ಮಾದರಿ ನಮ್ಮ ಷೋರೂಮುಗಳಿಗೆ ಬಂದಾಗ ಜನ ನಿಂತು ನೋಡಿದ್ದು ಅದರ ಮೈಕಟ್ಟನ್ನು. ಬಿಟ್ಟ ಬಾಣದ ಕಲ್ಪನೆಯಲ್ಲಿ ಗೆರೆ ಎಳೆದಿದ್ದೇವೆ ಎಂದು ಕಂಪನಿ ಹೇಳಿಕೊಂಡಿತ್ತು. ಚೂಪು ಹೆಡ್‌ಲೈಟು, ಬಾಗಿಲುಗಳ ಉದ್ದಕ್ಕೂ ಹಿಂದಿನ ದೀಪದವರೆಗೆ ಏರುತ್ತ ಹೋಗುವ ಗೆರೆ, ಎತ್ತಿ ನಿಲ್ಲಿಸಿದಂಥ ಡಿಕ್ಕಿ. ಆ ಪೀಳಿಗೆಯ ಮೊದಲ ಕಾರುಗಳಿಗೆ ಈಗ ಹದಿನೈದು ದಾಟಿದೆ. ಹೊತ್ತುಹೊತ್ತಿಗೆ ಆಯಿಲ್ ಕಂಡಿದ್ದರೆ ಅದರ 1.5 ಲೀಟರಿನ ಐ-ವಿಟೆಕ್ ಎಂಜಿನ್ನು ಇವತ್ತಿಗೂ ಸದ್ದಿಲ್ಲದೆ ತಿರುಗುತ್ತದೆ. ಸೊರಗುವುದು ಮೈ. ಹೆಡ್‌ಲೈಟು ಹಳದಿಗಟ್ಟುತ್ತದೆ, ಕಿಟಕಿಯ ಬೀಡಿಂಗು ಬಿರುಕು ಬಿಡುತ್ತದೆ, ನಾಲ್ಕು ವೀಲ್ ಕ್ಯಾಪುಗಳಲ್ಲಿ ಒಂದು ಯಾವುದೋ ಹಂಪಿನಲ್ಲಿ ಉದುರಿ ಹೋಗಿರುತ್ತದೆ. ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ: ಮಾರಿಬಿಡೋಣ, ಒಂದು ಎಸ್‌ಯುವಿ ತಗೊಳ್ಳೋಣ.

ಮಾರಬೇಡಿ ಎನ್ನುವ ಪಕ್ಷ ನನ್ನದು. ಎಂಜಿನ್ನು, ಗೇರ್‌ಬಾಕ್ಸು, ತಳದ ಕಬ್ಬಿಣ ಗಟ್ಟಿಯಾಗಿರುವ ಕಾರನ್ನು ಕಣ್ಣಿಗೆ ಹಳತಾಯಿತೆಂಬ ಕಾರಣಕ್ಕೆ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಿಲ್ಲ. ಒಂದು ಸೆಟ್ ಒಳ್ಳೆಯ ಚಕ್ರ, ನಾಲ್ಕು ಹೊಸ ಟೈರು, ಒಂದಷ್ಟು ತಾಳ್ಮೆಯ ಕೈಕೆಲಸ ಇದ್ದರೆ ಇಂಥ ಸೆಡಾನು ಮತ್ತೆ ತಲೆಯೆತ್ತಿ ನಿಲ್ಲುತ್ತದೆ. ಆದರೆ ಅದನ್ನು ರೂಪಿಸಿದವರು ಕೊಟ್ಟ ಅಳತೆಗೆ ನಾವು ಬದ್ಧರಾಗಿರಬೇಕು. ಹಳೆಯ ಕಾರುಗಳ ಅಂದ ಕೆಡುವುದರಲ್ಲಿ ಮುಪ್ಪಿನ ಪಾಲಿಗಿಂತ ಅಳತೆ ತಪ್ಪಿದ ಅಲಂಕಾರದ ಪಾಲೇ ಹೆಚ್ಚು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಹೊರಟವರು ಬಂದು ನಿಲ್ಲುವುದು ಜೆ.ಸಿ. ರಸ್ತೆಯಲ್ಲಿ. ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್ಲಿನತ್ತ ಹೊರಟರೆ ಸೀಟ್ ಕವರಿನವರು, ಹಾರನ್ನಿನವರು, ಸ್ಟಿರಿಯೋದವರು, ಗೋಡೆ ತುಂಬ ಅಲಾಯ್ ವೀಲು ತೂಗುಹಾಕಿದವರು. ಸಿಟಿಯನ್ನು ಅಂಗಡಿ ಮುಂದೆ ನಿಲ್ಲಿಸಿದ ಕೂಡಲೇ ಬರುವ ಮಾತು ಇದು: ‘ಸಾರ್, ಹದಿನೇಳು ಹಾಕ್ಸಿ. ಗಾಡಿ ಲುಕ್ಕೇ ಬೇರೆ ಆಗೋಗುತ್ತೆ.’ ಲುಕ್ಕು ಬೇರೆಯಾಗುವುದು ನಿಜ. ಒಂದು ನಿಮಿಷ ಲೆಕ್ಕ ಹಾಕಿ ನೋಡಿದರೆ ಇನ್ನೂ ಏನೇನು ಬೇರೆಯಾಗುತ್ತದೆ ಎಂಬುದೂ ತಿಳಿಯುತ್ತದೆ.

ಈ ಕಾರಿಗೆ ಕಂಪನಿ ಕೊಟ್ಟ ಟೈರು 175/65 ಆರ್15. ಟೈರಿನ ಅಗಲ 175 ಮಿಲಿಮೀಟರು, ಅದರ ಶೇ 65ರಷ್ಟು ಪಕ್ಕದ ಎತ್ತರ, ಅಂದರೆ ಸುಮಾರು 114 ಮಿ.ಮೀ. ರಿಮ್ಮಿನ 15 ಇಂಚು ಸೇರಿದರೆ ಇಡೀ ಚಕ್ರದ ವ್ಯಾಸ ಸುಮಾರು 608 ಮಿ.ಮೀ. ಹದಿನೇಳು ಇಂಚಿನ ರಿಮ್ಮಿಗೆ 205/45 ಟೈರು ಹಾಕಿದರೆ ಒಟ್ಟು ವ್ಯಾಸ 616ರ ಹತ್ತಿರ ನಿಲ್ಲುತ್ತದೆ, ಮೇಲ್ನೋಟಕ್ಕೆ ತೊಂದರೆಯೇನಿಲ್ಲ. ಆದರೆ ರಸ್ತೆಗೂ ರಿಮ್ಮಿಗೂ ನಡುವೆ ಉಳಿಯುವ ರಬ್ಬರು 92 ಮಿ.ಮೀ. ಮಾತ್ರ. ಕಳೆದುಹೋದ ಆ 22 ಮಿ.ಮೀ. ರಬ್ಬರು ಮತ್ತು ಗಾಳಿಯೇ ಇಷ್ಟು ದಿನ ಗುಂಡಿಯ ಪೆಟ್ಟನ್ನು ನುಂಗುತ್ತಿದ್ದದ್ದು. ಮಳೆಗಾಲದ ಬೆಂಗಳೂರಿನಲ್ಲಿ ನೀರು ತುಂಬಿ ಆಳ ಕಾಣದ ಗುಂಡಿಗೆ ಚಕ್ರ ಇಳಿದರೆ ಸೈಡ್‌ವಾಲ್ ಉಬ್ಬುತ್ತದೆ, ಇಲ್ಲವೇ ರಿಮ್ಮಿನ ಒಳ ಅಂಚು ಸೀಳುತ್ತದೆ. ಸ್ಟೀಲ್ ಡಿಸ್ಕು ಬಾಗಿದರೆ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಬಹುದು. ಎರಕದ ಅಲಾಯ್ ಬಾಗುವುದು ಕಡಿಮೆ, ಬಿರುಕು ಬಿಡುವುದು ಹೆಚ್ಚು. ಒಳಬದಿಯ ಬಿರುಕು ನಿಂತ ಕಾರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ದಿನಾ ಗಾಳಿ ಕಡಿಮೆಯಾಗುವುದಷ್ಟೇ ಗೊತ್ತಾಗುತ್ತದೆ.

ಹದಿನೈದು ಇಂಚಿನಲ್ಲೇ ನಿಂತು ಟೈರನ್ನು ಮಾತ್ರ 195/60ಕ್ಕೆ ಏರಿಸಿದರೆ ವ್ಯಾಸ 615 ಮಿ.ಮೀ., ಮೂಲಕ್ಕಿಂತ ಶೇ 1ರಷ್ಟು ಹೆಚ್ಚು. ರಬ್ಬರಿನ ಎತ್ತರ 117 ಮಿ.ಮೀ. ಆಗುತ್ತದೆ. ನೆಲದಿಂದ ಕಾರು ಮೂರು ಮಿಲಿಮೀಟರು ಮೇಲೇಳುತ್ತದೆ. ಐದು ಜನ ಕೂತು ಡಿಕ್ಕಿ ತುಂಬಿದರೆ ಹಂಪಿಗೆ ತಳ ಉಜ್ಜುವ ಈ ಕಾರಿಗೆ ಆ ಮೂರೂ ಬೇಕು. ಮುಂದಿನಿಂದ ನೋಡಿದಾಗ ತೆಳ್ಳಗಿದ್ದ ಟೈರು ತುಂಬಿಕೊಂಡು ಕಾಣುತ್ತದೆ. ಮೂಲ ಅಗಲವನ್ನೇ ಉಳಿಸಿಕೊಂಡರೆ ಇನ್ನೂ ಒಳ್ಳೆಯದು, ಮೈಲೇಜು ಕೈತಪ್ಪುವುದಿಲ್ಲ, ಸ್ಟೀರಿಂಗು ಹಗುರವಾಗಿಯೇ ಇರುತ್ತದೆ. ಹದಿನಾರು ಬೇಕೇ ಬೇಕೆಂದರೆ 195/50 ಅಥವಾ 205/50ರವರೆಗೆ ಹೋಗಬಹುದು. ನಾನು ಹದಿನೈದರ ಕಡೆಗೇ ಇದ್ದೇನೆ.

ವ್ಯಾಸವೊಂದು ಕೂಡಿದರೆ ಚಕ್ರ ಕೂಡಿತು ಎಂದಲ್ಲ. ಸಿಟಿಯ ಚಕ್ರಕ್ಕೆ ನಾಲ್ಕು ನಟ್ಟು, ಅವು ಕೂರುವುದು 100 ಮಿ.ಮೀ. ವ್ಯಾಸದ ವೃತ್ತದ ಮೇಲೆ. ಅಂಗಡಿಯ ಭಾಷೆಯಲ್ಲಿ ಫೋರ್-ಹಂಡ್ರೆಡ್ ಪಿಸಿಡಿ. ಫಿಯಟ್ ಲೀನಿಯಾದ್ದು 98. ಎರಡೇ ಮಿಲಿಮೀಟರು ತಾನೇ ಎಂದು 98ರ ಹಬ್ಬಿಗೆ 100ರ ರಿಮ್ಮನ್ನು ಬಿಗಿದು ಕೊಡುವವರಿದ್ದಾರೆ, ಅಲ್ಲಿ ಬೋಲ್ಟು ಸದಾ ಓರೆಯಾಗಿ ಎಳೆತದಲ್ಲೇ ಇರುತ್ತದೆ. ಅಂಥ ಅಂಗಡಿಯಿಂದ ಎದ್ದು ಬನ್ನಿ. ಇನ್ನೊಂದು ಅಳತೆ ನಡುವಿನ ತೂತಿನದು. ಹೋಂಡಾದ ಹಬ್ಬು 56.1 ಮಿ.ಮೀ. ಹೊರಗೆ ಸಿಗುವ ಅಲಾಯ್‌ಗಳ ತೂತು ಎಲ್ಲ ಕಾರಿಗೂ ಆಗಲೆಂದು 67.1 ಅಥವಾ 73.1 ಇರುತ್ತದೆ. ನಡುವಿನ ಸಂದಿಗೆ ಹಬ್ ರಿಂಗ್ ಎಂಬ ಬಳೆ ಬೇಕು. ಕೆಲವೇ ನೂರು ರೂಪಾಯಿಯ ಸಾಮಾನು. ಅದನ್ನು ಬಿಟ್ಟುಬಿಟ್ಟರೆ ಎಂಬತ್ತು, ತೊಂಬತ್ತರ ವೇಗದಲ್ಲಿ ಸ್ಟೀರಿಂಗು ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗುವುದಿಲ್ಲ. ಟೈರು ಸರಿಯಿಲ್ಲ, ಸಸ್ಪೆನ್ಷನ್ ಹೋಗಿದೆ ಎಂದು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆದವರ ಕಾರಿನಲ್ಲಿ ಕೊನೆಗೆ ಸಿಗುವುದು ಈ ಬಳೆಯ ಕೊರತೆ.

ಆಫ್‌ಸೆಟ್ಟು ಚಕ್ರ ಎಷ್ಟು ಒಳಗೆ ಕೂರುತ್ತದೆ ಎಂಬುದರ ಲೆಕ್ಕ. ರಿಮ್ಮಿನ ಮೇಲೆ ಇಟಿ ಎಂದು ಅಚ್ಚಾಗಿರುತ್ತದೆ. ಇಟಿ 45ರ ಬದಲು 35ರದ್ದು ಹಾಕಿದರೆ ಚಕ್ರ 10 ಮಿ.ಮೀ. ಹೊರಗೆ ಬರುತ್ತದೆ. ಜೊತೆಗೆ ರಿಮ್ಮು ಒಂದು ಇಂಚು ಅಗಲವೂ ಆಗಿದ್ದರೆ ಹೊರ ಅಂಚು ಇನ್ನೊಂದು 12 ಮಿ.ಮೀ.ಗೂ ಹೆಚ್ಚು ಮುಂದೆ ಬಂತು. ಫೆಂಡರಿನ ಅಂಚಿಗೆ ಟೈರು ತಾಗುವುದು, ಮಳೆಯಲ್ಲಿ ಕೆಸರು ಬಾಗಿಲ ಮೇಲೆಲ್ಲ ಎರಚುವುದು, ವೀಲ್ ಬೇರಿಂಗು ಬೇಗ ಸದ್ದು ಮಾಡುವುದು, ಇವೆಲ್ಲ ಇದರ ಫಲ. ಮೂಲ ಅಂಕಿಗೆ ಹತ್ತಿರದ್ದನ್ನೇ ಕೇಳಿ ಪಡೆಯಿರಿ. ರಿಮ್ಮಿನ ಹಿಂಬದಿ ತಿರುಗಿಸಿ ಜೆಡಬ್ಲ್ಯುಎಲ್ ಅಥವಾ ವಿಐಎ ಗುರುತು ಇದೆಯೇ ನೋಡಿ. ಜಪಾನಿನ ಈ ಮಾನದಂಡದಲ್ಲಿ ರಿಮ್ಮನ್ನು ಬಾಗಿಸಿ ತಿರುಗಿಸುತ್ತಾರೆ, ಭಾರ ಹೊರಿಸಿ ಉರುಳಿಸುತ್ತಾರೆ, ಓರೆಯಾಗಿ ಪೆಟ್ಟು ಕೊಡುತ್ತಾರೆ. ಕೈಯಲ್ಲಿ ಎತ್ತಿಯೂ ನೋಡಿ. ಅಲಾಯ್ ಎಂದರೆ ಹಗುರ ಎಂದು ನಾವು ನಂಬಿದ್ದೇವೆ, ಅಗ್ಗದ ಎರಕದವು ಸ್ಟೀಲ್ ಡಿಸ್ಕಿಗಿಂತ ಭಾರವಾಗಿರುವುದೂ ಉಂಟು.

ನಟ್ಟಿನ ವಿಷಯಕ್ಕೆ ಬರುತ್ತೇನೆ. ಹೋಂಡಾ ಕಂಪನಿಯ ನಟ್ಟಿನ ತುದಿ ಗುಂಡಗೆ, ಅರ್ಧ ಗೋಲಿಯಂತೆ ಇರುತ್ತದೆ. ಹೊರಗಿನ ಅಲಾಯ್‌ಗಳಲ್ಲಿ ಬಹುಪಾಲಿಗೆ ಶಂಕುವಿನಾಕಾರದ ತುದಿಯ ನಟ್ಟು ಬೇಕು. ಎರಡರ ಮರೆಯೂ ಒಂದೇ, 12 ಮಿ.ಮೀ., 1.5 ಪಿಚ್ಚು. ಆದ್ದರಿಂದ ಹಳೆಯ ನಟ್ಟು ಹೊಸ ರಿಮ್ಮಿಗೆ ಸರಾಗವಾಗಿ ತಿರುಗಿ ಬಿಗಿಯಾಗುತ್ತದೆ. ಆದರೆ ಗುಂಡು ತುದಿಗೂ ಶಂಕುವಿನ ಗುಳಿಗೂ ನಡುವೆ ತಾಗುವುದು ಕೂದಲೆಳೆಯಷ್ಟು ಅಗಲದ ಒಂದು ವೃತ್ತ ಮಾತ್ರ. ಓಡುತ್ತ ಓಡುತ್ತ ಅದು ಸಡಿಲಾಗುತ್ತದೆ. ಹೊಸ ರಿಮ್ಮಿನ ಜೊತೆ ಹದಿನಾರು ಹೊಸ ನಟ್ಟು ಕೊಂಡಾಗಲೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಡಿಕ್ಕಿಯಲ್ಲಿರುವ ಸ್ಟೆಪ್ನಿ ಇನ್ನೂ ಹಳೆಯ ಸ್ಟೀಲ್ ಡಿಸ್ಕೇ. ಹಾಸನದ ದಾರಿಯಲ್ಲಿ ರಾತ್ರಿ ಪಂಕ್ಚರಾದರೆ ಆ ಡಿಸ್ಕಿಗೆ ಗುಂಡು ತುದಿಯ ನಟ್ಟೇ ಬೇಕು. ಹಳೆಯ ನಾಲ್ಕು ನಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಜಾಕಿಯ ಪಕ್ಕದಲ್ಲಿಡಿ. ಇದನ್ನು ನೀವಾಗಿಯೇ ಕೇಳಿದರೆ ಹೊರತು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಚಕ್ರ ಕೂರಿಸುವುದನ್ನು ಪಕ್ಕದಲ್ಲೇ ನಿಂತು ನೋಡಬೇಕು. ಹದಿನೈದು ವರ್ಷದ ಹಬ್ಬಿನ ಮುಖದ ಮೇಲೆ ತುಕ್ಕಿನ ಪದರ ಇದ್ದೇ ಇರುತ್ತದೆ. ತಂತಿ ಬ್ರಷ್ಷಿನಿಂದ ಅದನ್ನು ಉಜ್ಜಿ ತೆಗೆಯದೆ ರಿಮ್ಮು ಕೂರಿಸಿದರೆ ಅದು ನೂಲಿನಷ್ಟು ಓರೆಯಾಗಿಯೇ ಕೂರುತ್ತದೆ. ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಬೇಕು, ಎದುರುಬದುರಾಗಿ ಒಂದೊಂದನ್ನೇ ಬಿಗಿ ಮಾಡಬೇಕು. ಗಾಳಿಯ ಗನ್ನು ಹಿಡಿದು ಕಿವಿ ಗಡಚಿಕ್ಕುವಂತೆ ಬಿಗಿದರೆ ಬೋಲ್ಟಿನ ಮರೆ ಹಿಗ್ಗುತ್ತದೆ, ದಾರಿಯಲ್ಲಿ ಬಿಚ್ಚಬೇಕಾದಾಗ ಪಾನಾದ ಮೇಲೆ ಹತ್ತಿ ನಿಂತರೂ ಅಲುಗುವುದಿಲ್ಲ. ಹೋಂಡಾ ಹೇಳಿರುವ ಬಿಗಿ 108 ನ್ಯೂಟನ್ ಮೀಟರು. ಟಾರ್ಕ್ ರೆಂಚ್ ಇಟ್ಟುಕೊಂಡ ಅಂಗಡಿಯನ್ನೇ ಹುಡುಕಿ. ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.

ಹೊಸ ಅಲಾಯ್ ಹಾಕಿ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದಾಗ ಕಣ್ಣಿಗೆ ಚುಚ್ಚುವ ಒಂದು ಸಂಗತಿಯಿದೆ. ಈ ಕಾರಿನ ಹಿಂದಿನ ಬ್ರೇಕು ಡ್ರಮ್ಮು. ವೀಲ್ ಕ್ಯಾಪು ಅದನ್ನು ಇಷ್ಟು ವರ್ಷ ಮುಚ್ಚಿಕೊಂಡಿತ್ತು. ಅಲಾಯ್‌ನ ಕಡ್ಡಿಗಳ ನಡುವೆ ಈಗ ತುಕ್ಕು ಹಿಡಿದ ಕಂದು ಡಬ್ಬಿಯೊಂದು ಎದ್ದು ಕಾಣುತ್ತದೆ. ರಿಮ್ಮು ಬಿಚ್ಚಿದಾಗಲೇ ಡ್ರಮ್ಮಿನ ಹೊರಮೈಯನ್ನು ಉಜ್ಜಿ, ಶಾಖ ತಡೆಯುವ ಕಪ್ಪು ಬಣ್ಣವನ್ನು ತೆಳ್ಳಗೆ ಎರಡು ಸಲ ಹೊಡೆದರೆ ಸಾಕು, ಇಡೀ ಚಕ್ರದ ಕಳೆಯೇ ಬೇರೆ. ರಿಮ್ಮು ತಾಗುವ ಮುಖಕ್ಕೆ ಮಾತ್ರ ಬಣ್ಣ ಬೀಳಬಾರದು. ಮುಂದಿನ ಲೋವರ್ ಆರ್ಮ್ ಬುಷ್ಷು, ಲಿಂಕ್ ರಾಡು, ಷಾಕರ್ ಮೌಂಟುಗಳನ್ನೂ ಈ ಹೊತ್ತಿನಲ್ಲೇ ನೋಡಿಸಿ ಬದಲಾಯಿಸಿಬಿಡಿ. ಸವೆದ ಬುಷ್ಷಿನ ಮೇಲೆ ಅಲೈನ್‌ಮೆಂಟ್ ಮಾಡಿಸಿದರೆ ಅದು ವಾರವೂ ನಿಲ್ಲದು, ಹೊಸ ಟೈರಿನ ಒಳ ಅಂಚು ಆರು ತಿಂಗಳಲ್ಲಿ ತೇದುಹೋಗುತ್ತದೆ.

ಟೈರಿನ ಬಗ್ಗೆ ಎರಡೇ ಮಾತು. ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. 2324 ಎಂದಿದ್ದರೆ 2024ರ 23ನೇ ವಾರ. ಗೋದಾಮಿನಲ್ಲಿ ಎರಡು ಮೂರು ವರ್ಷ ಕೂತ ಟೈರನ್ನು ರಿಯಾಯಿತಿಯ ಆಸೆಗೆ ತರಬೇಡಿ. ನಾಲ್ಕಕ್ಕೂ ಹಣ ಹೊಂದದೆ ಎರಡನ್ನೇ ಕೊಂಡರೆ ಹೊಸವು ಹಿಂದಕ್ಕೆ ಹೋಗಬೇಕು. ಎಂಜಿನ್ನು ಮುಂದಿನ ಚಕ್ರ ತಿರುಗಿಸುತ್ತದೆ, ಆದ್ದರಿಂದ ಹೊಸದು ಮುಂದಕ್ಕೆ ಎನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಒದ್ದೆ ರಸ್ತೆಯಲ್ಲಿ ಮುಂದಿನ ಹಿಡಿತ ತಪ್ಪಿದರೆ ಕಾರು ನೇರ ಜಾರುತ್ತದೆ, ಕಾಲು ಸಡಿಲಿಸಿ ಸ್ಟೀರಿಂಗು ಹಿಡಿದರೆ ಹತೋಟಿಗೆ ತರಬಹುದು. ಹಿಂದಿನದು ತಪ್ಪಿದರೆ ಕಾರು ಬುಗುರಿಯಾಗುತ್ತದೆ. ಕಾನೂನಿನ ಪ್ರಕಾರ ಟೈರಿನ ಟ್ರೆಡ್ಡಿನ ಆಳ 1.6 ಮಿ.ಮೀ.ಗಿಂತ ಕೆಳಗಿಳಿಯಬಾರದು. ನಮ್ಮ ಮುಂಗಾರಿಗೆ ಅಲ್ಲಿಯವರೆಗೂ ಕಾಯುವುದು ತಡವೇ.

ಇನ್ನು ಮೈ. ನಮ್ಮ ಮನೆಯ ಸಿಟಿ ಬೆಳ್ಳಿ ಬಣ್ಣದ್ದು, ಕಂಪನಿಯ ಪಟ್ಟಿಯಲ್ಲಿ ಆಲಬಾಸ್ಟರ್ ಸಿಲ್ವರ್, ಸಂಕೇತ ಎನ್‌ಎಚ್700ಎಂ. ಟಿಂಕರಿಂಗ್ ಮೇಸ್ತ್ರಿಗಳನ್ನು ಕೇಳಿ ನೋಡಿ, ಹೊಂದಿಸಲು ಎಲ್ಲಕ್ಕಿಂತ ಕಷ್ಟದ ಬಣ್ಣ ಯಾವುದೆಂದರೆ ಬಹಳಷ್ಟು ಜನ ಬೆಳ್ಳಿಯನ್ನೇ ಹೇಳುತ್ತಾರೆ. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಗನ್ನಿನ ಗಾಳಿ, ದೂರ, ಕೈಯ ವೇಗ ಇವಕ್ಕೆ ತಕ್ಕಂತೆ ಬೇರೆ ಬೇರೆ ಕೋನದಲ್ಲಿ ಮಲಗುತ್ತವೆ. ಎದುರಿನಿಂದ ನೋಡಿದರೆ ಬಣ್ಣ ಕೂಡಿದಂತೆ ಕಾಣುತ್ತದೆ, ಪಕ್ಕಕ್ಕೆ ಸರಿದು ನೋಡಿದರೆ ಬಾಗಿಲು ಮಾತ್ರ ಒಂದು ಛಾಯೆ ಕಪ್ಪು. ಬಲ್ಲ ಪೇಂಟರು ಸಂಕೇತದ ಬಣ್ಣವನ್ನೂ ಮೊದಲು ಒಂದು ತಗಡಿನ ಮೇಲೆ ಹೊಡೆದು, ಒಣಗಿಸಿ, ಬಿಸಿಲಿಗೆ ಹಿಡಿದು ನೋಡುತ್ತಾನೆ. ಪೆಟ್ಟು ತಿಂದ ಬಾಗಿಲಿಗೆ ಪೂರ್ತಿ ಬಣ್ಣ ಕೊಟ್ಟು ಪಕ್ಕದ ಫೆಂಡರಿನ ಮೇಲೆ ಅದನ್ನು ತೆಳುವಾಗಿ ಕರಗಿಸುತ್ತಾನೆ, ಮೇಲಿನ ಕ್ಲಿಯರ್ ಕೋಟನ್ನು ಎರಡರ ಮೇಲೂ ಹರಡುತ್ತಾನೆ. ಹೀಗೆ ಮಾಡುವವರ ಹತ್ತಿರ ಸಾವಿರ ರೂಪಾಯಿ ಹೆಚ್ಚಾದರೂ ಹೋಗಬೇಕು. ಹಳೆ ಕಾರು ಕೊಳ್ಳುವವರು ಒಂದು ಪುಟ್ಟ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಮೈಯುದ್ದಕ್ಕೂ ಆಡಿಸಿ ನೋಡುವುದು ಒಳ್ಳೆಯದು. ಅದು ಹಿಡಿಯದ ಕಡೆ ಕೆಳಗೆ ದಪ್ಪಗೆ ಪುಟ್ಟಿ ಮೆತ್ತಿದೆ ಎಂದು ಅರ್ಥ.

ಇಡೀ ಕಾರಿಗೆ ಹೊಸ ಬಣ್ಣ ಹೊಡೆಸುವ ಆಸೆಯನ್ನು ನಾನು ಬೆಂಬಲಿಸುವುದಿಲ್ಲ. ಕಾರ್ಖಾನೆಯಲ್ಲಿ ಬರಿ ಕಬ್ಬಿಣದ ಮೈಯನ್ನು ಮುಳುಗಿಸಿ ತೆಗೆದ ತುಕ್ಕು ತಡೆಯುವ ಲೇಪ, ಒಲೆಯಲ್ಲಿ ಬೆಂದ ಬಣ್ಣ, ಇವನ್ನು ಯಾವ ಷೆಡ್ಡಿನಲ್ಲೂ ಮರಳಿ ಕೊಡಲಾಗದು. ಮಸುಕಾದ ಬಣ್ಣಕ್ಕೆ ಜೀವ ಬರುತ್ತದೆ. ಮೊದಲು ಷಾಂಪೂ, ಆಮೇಲೆ ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆಯಿಂದ ಕಿತ್ತುಬಾರದ ಕೊಳೆ ಎಳೆದು, ಸಣ್ಣ ಕಾಂಪೌಂಡಿನಲ್ಲಿ ಉಜ್ಜಿ, ಕೊನೆಗೆ ವ್ಯಾಕ್ಸು. ಮೇಲಿನ ಕ್ಲಿಯರ್ ಕೋಟಿನ ದಪ್ಪ 40, 50 ಮೈಕ್ರಾನು, ನಮ್ಮ ತಲೆಗೂದಲಿಗಿಂತ ತೆಳು. ಪ್ರತಿ ರಬ್ಬಿಂಗು ಅದರಲ್ಲಿ ಒಂದಿಷ್ಟನ್ನು ತೇಯುತ್ತದೆ. ಪ್ರತಿ ಸರ್ವಿಸಿಗೂ ‘ರಬ್ಬಿಂಗ್ ಪಾಲಿಷ್ ಮಾಡ್ಲಾ ಸಾರ್’ ಎಂದು ಕೇಳಿದರೆ ಬೇಡ ಎನ್ನುವುದೇ ಕಾರಿಗೆ ಮಾಡುವ ಉಪಕಾರ. ವ್ಯಾಕ್ಸಿಗೆ ಆ ಭಯವಿಲ್ಲ.

ಮೈ ಗೀರುವುದು ದಿನದ ಒರೆಸುವಿಕೆಯಲ್ಲಿ. ಅಪಾರ್ಟ್‌ಮೆಂಟುಗಳಲ್ಲಿ ನಸುಕಿಗೇ ಬಂದು ಸಾಲು ಕಾರು ಒರೆಸುವವರ ಕೈಯಲ್ಲಿ ಒಂದೇ ಬಕೆಟು, ಒಂದೇ ಬಟ್ಟೆ. ಮೂರನೆಯ ಕಾರಿಗೆ ಬರುವಷ್ಟರಲ್ಲಿ ನೀರಿನಲ್ಲಿ ಮರಳು. ಇದರಲ್ಲಿ ಅವರ ತಪ್ಪೇನೂ ಇಲ್ಲ, ಅಷ್ಟು ಕಡಿಮೆ ಸಂಬಳಕ್ಕೆ ಅಷ್ಟು ಕಾರು ಒಪ್ಪಿಸಿರುವವರು ನಾವು. ನಮ್ಮದೇ ಎರಡು ಮೈಕ್ರೋಫೈಬರ್ ಬಟ್ಟೆ, ಚಕ್ರಕ್ಕೆ ಬೇರೆ ಒಂದು, ಹೊಸ ನೀರು ಕೊಟ್ಟು, ವಾರಕ್ಕೆ ಎರಡೇ ಸಲ ಸಾಕು ಎಂದು ಹೇಳಿ ಅದೇ ಹಣ ಕೊಡುವುದು ಸರಿಯಾದ ದಾರಿ. ಬೋರ್‌ವೆಲ್ ನೀರಾದರೆ ಬಿಸಿಲಿನಲ್ಲಿ ಒಣಗಲು ಬಿಡಬಾರದು. ಅದರಲ್ಲಿನ ಸುಣ್ಣದ ಅಂಶ ಬಿಳಿ ಉಂಗುರವಾಗಿ ಗಾಜಿನ ಮೇಲೂ ಬಣ್ಣದ ಮೇಲೂ ಕೂರುತ್ತದೆ. ಅಲಾಯ್‌ಗಳ ಮೇಲೆ ಕೂರುವ ಕರಿ ಪುಡಿ ಬ್ರೇಕಿನದು, ಅದರಲ್ಲಿ ಕಬ್ಬಿಣವಿದೆ. ವಾಟರ್ ಸರ್ವಿಸಿನಲ್ಲಿ ಆಸಿಡ್ ಹಾಕಿ ಒಂದು ನಿಮಿಷದಲ್ಲಿ ಹೊಳೆಸಿ ಕೊಡುತ್ತಾರೆ, ಅದೇ ಆಸಿಡ್ಡು ರಿಮ್ಮಿನ ಲ್ಯಾಕರನ್ನು ತಿಂದು ಬಿಳಿ ಬಳ್ಳಿಯಂಥ ಕಲೆ ಎಬ್ಬಿಸುತ್ತದೆ. ಮೃದು ಬ್ರಷ್ಷು, ಕಾರ್ ಷಾಂಪೂ, ಚಕ್ರ ತಣ್ಣಗಿದ್ದಾಗ. ಅಷ್ಟೇ.

ಆಯುಧ ಪೂಜೆಯ ಹಿಂದಿನ ದಿನ ವ್ಯಾಕ್ಸು ಹಾಕುವುದು ನಮ್ಮ ಮನೆಯ ರೂಢಿ. ಅರಿಸಿನ ಕುಂಕುಮ ಬಾನೆಟ್ಟಿನ ಮೇಲೆ ಒಣಗಿ ಒಂದೆರಡು ಬಿಸಿಲು ಕಂಡರೆ ಅದರ ಬಣ್ಣ ಕ್ಲಿಯರ್ ಕೋಟಿಗೆ ಇಳಿದುಬಿಡುತ್ತದೆ, ತಿಳಿ ಬಣ್ಣದ ಕಾರುಗಳಲ್ಲಿ ಮುಂದಿನ ದಸರೆಯವರೆಗೂ ನಸುಗೆಂಪು ವೃತ್ತ ಉಳಿಯುತ್ತದೆ. ವ್ಯಾಕ್ಸಿನ ಮೇಲೆ ಇಟ್ಟ ಬೊಟ್ಟು ಮರುದಿನ ನೀರು ಹಾಕಿದರೆ ಹೋಗುತ್ತದೆ. ಚೆಂಡು ಹೂವಿನ ಹಾರವನ್ನು ತಂತಿಯ ಬದಲು ಹತ್ತಿ ದಾರದಲ್ಲಿ ಕಟ್ಟಿಸಿ, ಗಾಳಿಗೆ ಆಡುವ ತಂತಿಯ ತುದಿ ಗ್ರಿಲ್ಲಿನ ಕ್ರೋಮನ್ನು ಗೀರುತ್ತದೆ. ಚಕ್ರದ ಕೆಳಗಿನ ನಿಂಬೆಹಣ್ಣಿನ ರಸವೂ ಹುಳಿಯೇ, ಹೊಸ ರಿಮ್ಮಿಗೆ ಎರಚಿದ್ದರೆ ಆಗಲೇ ಒರೆಸಿಬಿಡಿ.

ಕಡಿಮೆ ಖರ್ಚಿನಲ್ಲಿ ಹಳೆ ಕಾರಿನ ವಯಸ್ಸು ಇಳಿಸುವುದು ಹೆಡ್‌ಲೈಟು. ಅದು ಗಾಜಲ್ಲ, ಪಾಲಿಕಾರ್ಬೊನೇಟು. ಮೇಲಿನ ರಕ್ಷಣೆಯ ಪದರವನ್ನು ಬಿಸಿಲು ತಿಂದು ಹಳದಿ ಮಾಡುತ್ತದೆ. ಟೂತ್‌ಪೇಸ್ಟಿನಲ್ಲಿ ಉಜ್ಜಿದರೆ ಹೊಳೆಯುತ್ತದೆ, ಕೆಲವೇ ವಾರದಲ್ಲಿ ಮತ್ತೆ ಮಂಕಾಗುತ್ತದೆ, ಏಕೆಂದರೆ ಉಜ್ಜಿದಾಗ ಉಳಿದಿದ್ದ ಪದರವೂ ಹೋಯಿತು. ಸುತ್ತ ಟೇಪು ಹಚ್ಚಿ, ನೀರು ಚಿಮುಕಿಸುತ್ತ 800, 1500, 2000, 3000ರ ಉಪ್ಪುಕಾಗದ ಹೀಗೆ ಸರದಿಯಲ್ಲಿ ಉಜ್ಜಿ, ಪಾಲಿಷ್ ಮಾಡಿ, ಬಿಸಿಲು ತಡೆಯುವ ಕ್ಲಿಯರ್ ಲ್ಯಾಕರ್ ಹೊಡೆಸಬೇಕು. ಕಾರಿನ ಮುಖ ಅರಳುವುದಷ್ಟೇ ಅಲ್ಲ, ರಾತ್ರಿ ರಸ್ತೆಯೂ ಕಾಣುತ್ತದೆ. ಜೊತೆಗೆ ಬಾಗಿಲ ತಳದ ನೀರಿನ ತೂತುಗಳನ್ನು ಒಂದು ಕಡ್ಡಿಯಿಂದ ಬಿಡಿಸಿ, ಡಿಕ್ಕಿಯ ಮ್ಯಾಟು ಎತ್ತಿ ಸ್ಟೆಪ್ನಿಯ ಗುಳಿಯಲ್ಲಿ ನೀರು ನಿಂತಿದೆಯೇ ನೋಡಿ. ಮಂಗಳೂರು, ಕಾರವಾರದ ಕಡೆ ಇರುವವರು ಇದನ್ನು ಪ್ರತಿ ಮಳೆಗಾಲದ ಮೊದಲೂ ನಂತರವೂ ಮಾಡಲೇಬೇಕು, ಕಡಲ ಗಾಳಿಯ ಉಪ್ಪಿಗೆ ಕಬ್ಬಿಣ ಬಹಳ ರುಚಿ.

ಹದಿನೈದು ತುಂಬಿದ ಕಾರಿನ ಆರ್‌ಸಿಯನ್ನು ಐದು ವರ್ಷಕ್ಕೆ ನವೀಕರಿಸಲು ಆರ್‌ಟಿಒದಲ್ಲಿ ಪರೀಕ್ಷೆಗೆ ನಿಲ್ಲಿಸಬೇಕು. ಫಾರಂ 25ರ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ 60 ದಿನ ಮುಂಚಿನಿಂದ ಕೊಡಬಹುದು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಅಳತೆಯಲ್ಲಿ ಉಳಿಯಿರಿ ಎಂದು ನಾನು ಒತ್ತಿ ಹೇಳಲು ಈ ಪರೀಕ್ಷೆಯೂ ಕಾರಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಫೆಂಡರಿನಿಂದ ಹೊರಗೆ ಇಣುಕುವ ಚಕ್ರ, ಆರ್‌ಸಿಯಲ್ಲಿಲ್ಲದ ಬಣ್ಣ ಎರಡೂ ತಕರಾರಿಗೆ ದಾರಿ. ಹೊಸ ರಿಮ್ಮು ಹಾಕಿಸಿದ್ದನ್ನು ವಿಮೆ ಕಂಪನಿಗೂ ಬರೆದು ತಿಳಿಸಿ, ಬಿಲ್ಲನ್ನು ಕಾರಿನ ಕಾಗದಗಳ ಜೊತೆಯಲ್ಲೇ ಇಡಿ.

ರಿಮ್ಮು ಕೊಳ್ಳುವಾಗ ಕೈಗೆ ಎಟುಕಿದರೆ ಐದು ಕೊಳ್ಳಿ. ಅಲಾಯ್ ವಿನ್ಯಾಸಗಳು ಎರಡು ಮೂರು ವರ್ಷದಲ್ಲಿ ಅಂಗಡಿಯಿಂದ ಮಾಯವಾಗುತ್ತವೆ, ಒಂದು ಸೀಳಿದರೆ ಅದರ ಜೋಡಿ ಶಿವಾಜಿನಗರದ ಗುಜರಿಯಲ್ಲೂ ಸಿಗುವುದು ಕಷ್ಟ. ಐದನೆಯದಕ್ಕೆ ಹಣ ಹೊಂದದಿದ್ದರೆ ಹಳೆಯ ಡಿಸ್ಕುಗಳನ್ನಾದರೂ ಮಾರದೆ ಇಟ್ಟುಕೊಳ್ಳಿ. ತುಕ್ಕು ಉಜ್ಜಿ ಕಪ್ಪು ಬಣ್ಣ ಹೊಡೆದಿಟ್ಟ ನಾಲ್ಕು ಸ್ಟೀಲ್ ಡಿಸ್ಕಿನ ಮೇಲೆ ಈ ಕಾರು ಇನ್ನೂ ಹತ್ತು ವರ್ಷ ಓಡಬಲ್ಲದು.